ಸಾಮುವೇಲಪ್ಪನ ಹೆಸರಿನ ಬಿಂದಿಗೆ

ನಮ್ಮ ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಏಳು ಸ್ಟೀಲ್ ಡಬ್ಬಿಗಳು ಸಾಲಾಗಿ ಕೂತಿವೆ. ಒಂದರಲ್ಲಿ ಸಾಸಿವೆ, ಒಂದರಲ್ಲಿ ಮೆಂತ್ಯ, ಒಂದರಲ್ಲಿ ಏನಿದೆಯೋ ನನಗೇ ಗೊತ್ತಿಲ್ಲ, ಮುಚ್ಚಳ ಬಿಗಿದುಕೊಂಡು ವರ್ಷಗಳಾದವು. ಏಳರ ಹೊಟ್ಟೆಯ ಮೇಲೂ ಒಂದೇ ಪದ ಕೆತ್ತಿದೆ: ‘ದ್ವಿತೀಯ’. ಮೊನ್ನೆ ಪಕ್ಕದ ಮನೆಗೆ ಹೊಸದಾಗಿ ಬಂದ ಸೊಸೆ ಸಕ್ಕರೆ ಕೇಳಲು ಬಂದವಳು ಅದನ್ನು ಓದಿದಳು. ನಮ್ಮ ಕಡೆ ಪಾತ್ರೆಯ ಮೇಲೆ ಮನೆಯವರ ಹೆಸರು ಹಾಕಿಸುವುದು ರೂಢಿಯಲ್ಲವೇ? ಆ ಲೆಕ್ಕದಲ್ಲಿ ಆ ಹುಡುಗಿ ಭಯಭಕ್ತಿಯಿಂದ ಕೇಳಿದಳು:

“ದ್ವಿತೀಯ ಅಂದ್ರ ಯಾರ್ರೀ ಆಂಟಿ, ನಿಮ್ಮ ಅತ್ತಿಯವರಾ?”

“ಅಲ್ಲವಾ, ನಾನ,” ಎಂದೆ.

ನಗಬೇಡಿ. ಅದು ಸತ್ಯ. ನನ್ನ ಹೆಸರು ಸುಗುಣ. ಆದರೆ ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಕ್ರೈಸ್ತ ಸಭೆಗಳ ಮಟ್ಟಿಗೆ ನಾನು ಏಳು ವರ್ಷ ದ್ವಿತೀಯಳೇ. ಬಹುಮಾನಕ್ಕೆ ಪಾತ್ರೆ ಕೊಡುತ್ತಿದ್ದ ಕಾಲದಲ್ಲಿ ಕೀರ್ತನೆ ಹಾಡುವ ಸ್ಪರ್ಧೆಯಲ್ಲಿ ಏಳು ಸಲ ನಿಂತೆ, ಏಳು ಸಲವೂ ಎರಡನೇ ಬಹುಮಾನದ ಡಬ್ಬಿ ಹಿಡಿದುಕೊಂಡು ಬಸ್ಸು ಹತ್ತಿದೆ. ಮೊದಲನೆಯ ಬಹುಮಾನ ಹಿತ್ತಾಳೆ ಬಿಂದಿಗೆ. ಅದನ್ನು ಒಮ್ಮೆಯೂ ಸೊಂಟಕ್ಕೆ ಇಟ್ಟುಕೊಳ್ಳುವ ಭಾಗ್ಯ ನನಗೆ ಬರಲಿಲ್ಲ. ನಮ್ಮ ಯಜಮಾನರು, “ಇನ್ನೊಂದೆರಡು ವರ್ಷ ಸೋತರೆ ಉಪ್ಪಿನಕಾಯಿಗೂ ಡಬ್ಬಿ ಆಗುತ್ತೆ,” ಎಂದು ಹುರಿದುಂಬಿಸುತ್ತಿದ್ದರು.

ಆ ಬಹುಮಾನ ಹುಟ್ಟಿದ ಕಥೆ ನಿಮಗೆ ಹೇಳಲೇಬೇಕು. ಅದು ಹುಟ್ಟಿದ್ದು ಹಾಡಲು ಬಾರದ ಒಬ್ಬ ಮನುಷ್ಯನಿಂದ.

ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ರತ್ನಮ್ಮ ಎಂಬ ನರ್ಸಮ್ಮ ಇದ್ದರು. ಅಲ್ಲಿಯ ಅರ್ಧ ಮಕ್ಕಳನ್ನು ಭೂಮಿಗೆ ಇಳಿಸಿಕೊಂಡ ಕೈ ಅವರದು. ದೊಡ್ಡವರಾಗಿ ಮೀಸೆ ಬಂದವರನ್ನೂ ನಿಲ್ಲಿಸಿ, “ನೀನು ಹುಟ್ಟಿದಾಗ ಅತ್ತಿದ್ದ ಶ್ರುತಿ ನನಗ ಇನ್ನೂ ನೆನಪೈತಿ ನೋಡು,” ಎನ್ನುತ್ತಿದ್ದರು. ಅವರ ಗಂಡ ಸಾಮುವೇಲಪ್ಪ ರೈಲ್ವೆಯಲ್ಲಿದ್ದರು. ಅವರಿಗೆ ಶ್ರುತಿಯೂ ಇರಲಿಲ್ಲ, ತಾಳವೂ ಇರಲಿಲ್ಲ, ಆದರೆ ಗಂಟಲು ಮಾತ್ರ ಇಂಜಿನ್ನಿನದು. ಸಭೆ ಮೂರನೇ ಚರಣದಲ್ಲಿರುವಾಗಲೇ ಸಾಮುವೇಲಪ್ಪ ಹಾಡು ಮುಗಿಸಿ ಆಮೆನ್ ಹೇಳಿ ಕೂತುಬಿಟ್ಟಿರುತ್ತಿದ್ದರು. ಒಮ್ಮೆ ಪಾದ್ರಿ ಅಯ್ಯನವರು ಪಕ್ಕಕ್ಕೆ ಕರೆದು, ಸ್ವಲ್ಪ ಮೆಲ್ಲಗೆ ಹಾಡಿದರೆ ಚೆನ್ನ ಎಂದು ಸೂಕ್ಷ್ಮವಾಗಿ ಹೇಳಿದರಂತೆ. ಸಾಮುವೇಲಪ್ಪ ವಿಧೇಯರಾಗಿ ಮುಂದಿನ ಭಾನುವಾರದಿಂದ ಕೊನೆಯ ಬೆಂಚಿಗೆ ಹೋದರು. ಅಲ್ಲಿಂದ ಅಷ್ಟೇ ಜೋರಾಗಿ ಹಾಡಿದರು.

ಅವರು ತೀರಿಕೊಂಡ ಮೇಲಿನ ಮೊದಲ ಭಾನುವಾರ ಸಭೆಯವರು ಹಾಡಿದ ಕೀರ್ತನೆ ಎಂದೂ ಇಲ್ಲದಷ್ಟು ಒಂದೇ ಶ್ರುತಿಯಲ್ಲಿ ಬಂತಂತೆ. ರತ್ನಮ್ಮ ಎದ್ದು ನಿಂತು ಕಣ್ಣೀರು ಹಾಕಿ, “ಇಷ್ಟು ಛಲೋ ಹಾಡಬ್ಯಾಡ್ರಪ್ಪಾ. ಮನಿ ಖಾಲಿ ಆದಂಗ ಆಕ್ಕತಿ,” ಎಂದರಂತೆ. ಆ ವರ್ಷವೇ ಅವರು ಗಂಡನ ಹೆಸರಿನಲ್ಲಿ ಬಹುಮಾನ ಇಟ್ಟರು. ಒಂದು ವರ್ಷ ಬಳ್ಳಾರಿ, ಒಂದು ವರ್ಷ ಸಿರುಗುಪ್ಪ, ಒಂದು ವರ್ಷ ಕುರುಗೋಡು, ಹೀಗೆ ಸರದಿ. ಯಾರು ಬೇಕಾದರೂ ಹಾಡಬಹುದು. ಹಾಡಲು ಬಾರದವರು ಮೊದಲು ಬರಬೇಕು. ಹಾಡಿದ ಎಲ್ಲರಿಗೂ ಊಟ ಹಾಕಬೇಕು. ಇಷ್ಟೇ ನಿಯಮ.

ತೀರ್ಪು ಹೇಳಲು ರತ್ನಮ್ಮ ಕರೆತಂದದ್ದು ಖಾದರ್ ಸಾಬರನ್ನು. ಮದುವೆ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದಿ ಊದಿ ಕೆನ್ನೆ ಜೋತುಬಿದ್ದ ಹಿರಿಯರು. ನಮ್ಮವರ ಮದುವೆಗಳಲ್ಲಿ ಊದಿ ಊದಿ ನಮ್ಮ ಕೀರ್ತನೆಗಳೆಲ್ಲ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿದ್ದವು. ಹಿರಿಯರಲ್ಲಿ ಕೆಲವರು ಮುಖ ಸಣ್ಣದು ಮಾಡಿಕೊಂಡಾಗ ರತ್ನಮ್ಮ ಹೇಳಿದರು: “ನಮ್ಮವರನ್ನ ಕುಂದ್ರಿಸಿದ್ರ ಅಕ್ಕನ ಮಗಳು, ತಮ್ಮನ ಸೊಸಿ ಅಂತ ನೋಡ್ತಾರ. ಸಾಬ್ರಿಗೆ ನಮ್ಮ ಪೈಕಿ ಯಾರೂ ಇಲ್ಲ.” ಖಾದರ್ ಸಾಬರು ವೇದಿಕೆಯ ಮುಂದೆ ಕೂರುತ್ತಿರಲಿಲ್ಲ. ಹಿಂದೆ ಒಲೆ ಹೂಡಿ ಅಡುಗೆ ಮಾಡುವ ಕಡೆ ಹೋಗಿ, ಬೆನ್ನು ತಿರುಗಿಸಿ, ಬೆಳ್ಳುಳ್ಳಿ ಸುಲಿಯುತ್ತ ಕೇಳುತ್ತಿದ್ದರು. ಕೇಳಿದರೆ, “ಅನ್ನಕ್ಕ ಎಸರು ಇಟ್ಟ ಹೆಣಮಗಳು ಕೈ ಬಿಟ್ಟು ನಿಂತು ಕೇಳಿದ್ಲಂದ್ರ ಅದು ಹಾಡು,” ಎನ್ನುತ್ತಿದ್ದರು.

ಇನ್ನು ನನ್ನ ಹಾಡಿನ ವಿಷಯ. ನಾನು ಕುರುಗೋಡಿನವಳು. ನಮ್ಮಪ್ಪ ಸಾಲಿ ಮಾಸ್ತರರು, ಭಾನುವಾರ ಸಭೆಯಲ್ಲಿ ಹಾಡು ಎತ್ತಿಕೊಡುವವರೂ ಅವರೇ. ತಗಡಿನ ಛಾವಣಿಯ, ಸಭೆಯ ಆ ಸಣ್ಣ ಗುಡಿಯಲ್ಲಿ ಬೇಸಿಗೆಯ ಹತ್ತು ಗಂಟೆಗೆ ಕೂತರೆ ರೊಟ್ಟಿ ಬೆಂದಂತೆ ಬೇಯುತ್ತಿದ್ದೆವು. ಅಪ್ಪನಿಗೆ ಬೆವರಿನ ಪರಿವೆ ಇರಲಿಲ್ಲ, ಉಚ್ಚಾರದ ಪರಿವೆ ಇತ್ತು. ಮಹಾಪ್ರಾಣ ಬಿಟ್ಟರೆ ಕಿವಿ ಹಿಂಡುತ್ತಿದ್ದರು. ‘ಸ್ತೋತ್ರ’ದ ಒತ್ತಕ್ಷರ ಒಂದಕ್ಕೇ ನಾನು ಒಂದು ಬೇಸಿಗೆ ರಜೆ ಕಳೆದಿದ್ದೇನೆ. ಹೀಗಾಗಿ ನನ್ನ ಹಾಡುಗಾರಿಕೆಯಲ್ಲಿ ಒಂದು ಅಕ್ಷರವೂ ಜಾರುವುದಿಲ್ಲ. ನಾನೂ ಮುಂದೆ ಟೀಚರಾದೆ, ಬಳ್ಳಾರಿಗೆ ಮದುವೆಯಾಗಿ ಬಂದೆ. ನನ್ನ ಹಾಡು ಹೇಗಿತ್ತೆಂದರೆ, ಕೇಳುವವರಿಗೆ ಬರೆದುಕೊಳ್ಳಬೇಕು ಎನಿಸುತ್ತಿತ್ತು.

ನಾನು ನಿಂತ ಮೊದಲ ವರ್ಷದ ಸ್ಪರ್ಧೆ ಸಿರುಗುಪ್ಪದಲ್ಲಿ. ನಾನು ನಾಲ್ಕು ಚರಣವನ್ನೂ ಅಲ್ಲಾಡದೆ ಹಾಡಿ ಇಳಿದೆ. ಬಿಂದಿಗೆ ನನ್ನದೇ ಎಂದು ಖಾತ್ರಿಯಾಗಿ, ಬಸ್ಸಿನಲ್ಲಿ ಅದನ್ನು ಎಲ್ಲಿಡುವುದೆಂಬ ಚಿಂತೆ ಆಗಲೇ ಶುರುವಾಗಿತ್ತು. ಆಗ ತೆಕ್ಕಲಕೋಟೆಯ ಎಸ್ತೇರಮ್ಮ ಎದ್ದು ಬಂದಳು. ಅಕ್ಕಿ ಗಿರಣಿಯಲ್ಲಿ ಕೆಲಸ. ಕಣದಲ್ಲಿ ಹರವಿದ ಭತ್ತವನ್ನು ದಿನವಿಡೀ ಕಾಲಿನಿಂದ ಗೆರೆ ಎಳೆಯುತ್ತ ತಿರುವಿ ಹಾಕುವವಳು. ನನ್ನದೇ ವಯಸ್ಸು. ತಲೆಗೂದಲಲ್ಲಿ ಅಲ್ಲಲ್ಲಿ ತೌಡು. ಓದು ಬರಹ ಬಾರದು. ಒಂದು ಚರಣ ಹಾಡಿದಳು, ಎರಡನೆಯದು ಮರೆತಳು. ನನಗೆ ಒಳಗೊಳಗೇ ನೆಮ್ಮದಿ. ಆಕೆ ಒಂದು ಗಳಿಗೆ ನಿಂತು, ಸೆರಗು ಸರಿಮಾಡಿಕೊಂಡು, ಪುಸ್ತಕದಲ್ಲಿಲ್ಲದ ಒಂದು ಚರಣವನ್ನು ಅಲ್ಲೇ ಕಟ್ಟಿ ಹಾಡಿಬಿಟ್ಟಳು. ಕಣ, ಭತ್ತ, ಗುಬ್ಬಿ, ಗುಬ್ಬಿಯನ್ನು ಓಡಿಸಬೇಡ ಎನ್ನುವ ದೇವರು, ಎಲ್ಲ ಅದರಲ್ಲಿ ಬಂದರು. ಒಲೆಯ ಕಡೆ ತಿರುಗಿ ನೋಡಿದೆ. ಸೌಟು ಹಿಡಿದವಳು ಸೌಟು ಹಿಡಿದೇ ನಿಂತಿದ್ದಳು. ಖಾದರ್ ಸಾಬರ ಕೈಯಲ್ಲಿ ಬೆಳ್ಳುಳ್ಳಿ ಹಾಗೇ ಇತ್ತು.

ಬಹುಮಾನ ಘೋಷಿಸಿದ ಮೇಲೆ ನಾನು ಸಾಬರ ಹತ್ತಿರ ಹೋಗಿ ಜಗಳ ತೆಗೆದೆ.

“ಆ ಎರಡನೇ ಚರಣ ಪುಸ್ತಕದಾಗ ಇಲ್ಲವೇ ಇಲ್ರಿ!”

“ಇದ್ದಿದ್ದಿಲ್ಲ ಅಂತ ನನಗೂ ಗೊತ್ತೈತಿ ಟೀಚರಮ್ಮ,” ಎಂದರು ಸಾಬರು. “ಈಗ ಬಂತಲ್ಲ, ಛಲೋ ಆತು.”

ಅಂದಿನಿಂದ ಏಳು ವರ್ಷ ಇದೇ ಕಥೆ. ಪ್ರತಿ ವರ್ಷ ಆಕೆಯ ಹಾಡನ್ನು ನಾನು ಕಣ್ಣು ಕಿವಿ ಎರಡೂ ತೆರೆದು, ಪರೀಕ್ಷೆಯ ಉತ್ತರಪತ್ರಿಕೆ ತಿದ್ದುವಂತೆ ಕೇಳುತ್ತಿದ್ದೆ. ಎಲ್ಲಿ ತಪ್ಪುತ್ತಾಳೆ, ಎಲ್ಲಿ ಉಸಿರು ಕಡಿಯುತ್ತಾಳೆ, ‘ಕೃಪೆ’ಯನ್ನು ‘ಕುರುಪಿ’ ಎಂದದ್ದು ಎಷ್ಟು ಸಲ, ಎಲ್ಲ ನನಗೆ ಬಾಯಿಪಾಠ. ಆಕೆ ಮಾತ್ರ ಬಿಂದಿಗೆ ತೆಗೆದುಕೊಂಡು ಇಳಿಯುವಾಗ ಪ್ರತಿಸಲ ನನ್ನ ಹತ್ತಿರ ಬಂದು, “ವಂದನೆ ಟೀಚರ್. ನೀವು ಹಾಡಿದ್ದು ಒಂದ ಅಕ್ಷರಾನೂ ಬೀಳಲಿಲ್ರಿ,” ಎಂದು ನಿಜವಾದ ಬೆರಗಿನಿಂದ ಹೇಳುತ್ತಿದ್ದಳು. ಅದರಿಂದ ನನ್ನ ಹೊಟ್ಟೆಯುರಿ ಇನ್ನೂ ಹೆಚ್ಚುತ್ತಿತ್ತು.

ಅಷ್ಟರಲ್ಲಿ ಅದಿರಿನ ಕಾಲ ಬಂತು. ಆ ವರ್ಷಗಳಲ್ಲಿ ಬಳ್ಳಾರಿಯಲ್ಲಿದ್ದವರಿಗೆ ನಾನೇನೂ ವರ್ಣಿಸಬೇಕಾಗಿಲ್ಲ. ಹಗಲೂ ರಾತ್ರಿ ಲಾರಿ, ಲಾರಿಯ ಹಿಂದೆ ಲಾರಿ. ಒಣಹಾಕಿದ ಬಟ್ಟೆ ತೆಗೆಯುವಷ್ಟರಲ್ಲಿ ಕೆಂಪು. ಅಯ್ಯನವರ ಬಿಳಿ ನಿಲುವಂಗಿ ಮೊದಲು ಗುಲಾಬಿಯಾಗಿ, ಆಮೇಲೆ ಇಟ್ಟಿಗೆ ಬಣ್ಣಕ್ಕೆ ತಿರುಗಿತು. ಮಕ್ಕಳು ಅದಿರಿನ ಕೂಲಿಗೆ ಹೋಗಿ ನಮ್ಮ ಶಾಲೆಯ ಹಾಜರಿ ತೆಳ್ಳಗಾಯಿತು. ಸೈಕಲ್ ಇಲ್ಲದವರು ಕಾರು ಕೊಂಡರು, ಕಾರು ಕೊಂಡವರು ಮೇಲೆ ಹೆಲಿಕಾಪ್ಟರ್ ಹಾರಿದಾಗ ಕತ್ತೆತ್ತಿ ನೋಡಿದರು.

ಒಂದು ದಿನ ನಮ್ಮ ಮನೆಯ ಮುಂದೆ ದೊಡ್ಡ ಕಾರು ನಿಂತಿತು. ಇಳಿದವನು ಜಯರಾಜು. ನನ್ನ ಹಳೆಯ ವಿದ್ಯಾರ್ಥಿ. ಹದಿಮೂರರ ಮಗ್ಗಿ ಅವನಿಗೂ ಬರಲಿಲ್ಲ, ಅವನಿಗೆ ಕಲಿಸಲು ನನಗೂ ಬರಲಿಲ್ಲ. ಈಗ ಟಿಪ್ಪರುಗಳ ಮಾಲೀಕ. ಬಗ್ಗಿ ಕಾಲು ಮುಟ್ಟಿ ಹೇಳಿದ:

“ಟೀಚರ್, ಬಿಂದಿಗಿ ಡಬ್ಬಿ ಕೊಡೋದು ಸಾಕ್ರಿ. ಇದು ಈಗ ಹಳೇ ಬಳ್ಳಾರಿ ಅಲ್ಲ. ಸಾಮುವೇಲಪ್ಪನ ಹೆಸರಿನ ಬಹುಮಾನ ಬಂಗಾರದ್ದು ಆಗಬೇಕು. ಹೈದರಾಬಾದಿನಿಂದ ಜಡ್ಜಸ್ ಬರ್ತಾರ. ಎಲ್ಲಾ ಖರ್ಚು ನಂದು.”

ನಾವಿಬ್ಬರೂ ರತ್ನಮ್ಮನವರ ಬಳಿ ಹೋದೆವು. ಆಗಲೇ ಅವರಿಗೆ ಕಣ್ಣು ಮಂಜಾಗಿತ್ತು. ಎಲ್ಲ ಕೇಳಿಸಿಕೊಂಡು ಅವರು ಕೇಳಿದ್ದು ಒಂದೇ ಮಾತು: “ಹಾಡಿದೋರಿಗೆಲ್ಲಾ ಊಟ ಹಾಕ್ತೀಯೇನಪ್ಪ?”

“ಬಿರಿಯಾನಿ ಹಾಕ್ತೀನಿ ನರ್ಸಮ್ಮ.”

“ಹಂಗಾದ್ರ ಮಾಡು. ನಮ್ಮವರ ಹೆಸರು ಮಾತ್ರ ತೆಗೀಬ್ಯಾಡ.”

ಹೆಸರು ತೆಗೆಯಲಿಲ್ಲ ಅವನು, ಆ ಮಾತು ಉಳಿಸಿಕೊಂಡ. ಹೆಸರು ನೋಂದಾಯಿಸುವ ಕೆಲಸ ನನ್ನ ಪಾಲಿಗೆ ಬಂತು. ಅಕ್ಷರ ದುಂಡಗೆ ಬರೆಯುವವರಿಗೆ ಈ ಲೋಕದಲ್ಲಿ ಸಿಗುವ ಶಿಕ್ಷೆ ಅದು. ಗಡಿಯಾಚೆಯ ಆಂಧ್ರದಿಂದಲೂ ಹೆಸರುಗಳು ಬಂದವು. ಎಲ್ಲ ಬಂದವು, ಎಸ್ತೇರಮ್ಮನದು ಬರಲಿಲ್ಲ. ಕೊನೆಯ ದಿನ ಹತ್ತಿರವಾದಂತೆ ಪಟ್ಟಿಯನ್ನು ಮತ್ತೆ ಮತ್ತೆ ನೋಡಿದೆ. ಆಕೆ ಇಲ್ಲ. ನನಗೆ ಎಷ್ಟು ಖುಷಿಯಾಯಿತೆಂದರೆ ಆ ದಿನ ಸಂಜೆ ಶಾವಿಗೆ ಪಾಯಸ ಮಾಡಿದೆ. ಯಜಮಾನರು ಏನು ವಿಶೇಷ ಎಂದರೆ, ಸುಮ್ಮನೆ ಎಂದೆ. ಇದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ, ನಿಮಗೆ ಹೇಳುತ್ತಿದ್ದೇನೆ.

ಅದರ ಮುಂದಿನ ಭಾನುವಾರ ಆರಾಧನೆ ಮುಗಿಸಿ ಬಂದು ಊಟಕ್ಕೆ ಕೂತಿದ್ದೆವು. ಬಾಗಿಲಲ್ಲಿ ಯಾರೋ ನಿಂತಂತಾಯಿತು. ಎದ್ದು ನೋಡಿದರೆ ಎಸ್ತೇರಮ್ಮ. ಮೊಣಕಾಲವರೆಗೆ ಕೆಂಪು ಧೂಳು, ರೆಪ್ಪೆಯ ಕೂದಲಿಗೂ ಕೆಂಪು. ತಲೆಯಲ್ಲಿ ತೌಡಿರಲಿಲ್ಲ. “ಬಾರವಾ, ಒಳಗ ಬಾ,” ಎಂದೆ. ಆಕೆಯ ತುಟಿ ಆಡಿತು, ನನಗೇನೂ ಕೇಳಿಸಲಿಲ್ಲ. ಹತ್ತಿರ ಹೋದ ಮೇಲೆ ತಿಳಿಯಿತು, ಆಕೆ ಮಾತಾಡುತ್ತಲೇ ಇದ್ದಳು. ದನಿ ಇರಲಿಲ್ಲ. ಬರೀ ಉಸಿರು.

ನೀರು ಕುಡಿಸಿ ಕೂಡಿಸಿದೆ. ಪಿಸುಮಾತಿನಲ್ಲಿ ಹೇಳಿದಳು. ಗಿರಣಿಗಿಂತ ಕೂಲಿ ಜಾಸ್ತಿ ಎಂದು ಗಂಡ ಹೆಂಡತಿ ಇಬ್ಬರೂ ಬಳ್ಳಾರಿ ಹತ್ತಿರದ ಕೊಳಗಲ್ಲಿಗೆ ಬಂದು, ಅದಿರು ಸುರಿಯುವ ಬಯಲಿನಲ್ಲಿ ಜರಡಿ ಹಿಡಿಯುವ ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. “ಧೂಳು ಕುಂತೈತಂತ್ರಿ ಗಂಟಲಾಗ. ಡಾಕ್ಟ್ರು ಬಾಯಿ ಮುಚ್ಕೊಂಡಿರು ಅಂದಾರ, ಎಷ್ಟು ದಿನ ಅಂತ ಹೇಳವಲ್ರು.” ಕೆಲಸ ಬಿಟ್ಟಿದ್ದಳು. ಮತ್ತೆ ತೆಕ್ಕಲಕೋಟೆಗೆ ಹೋಗುವ ಯೋಚನೆ. ಅದಕ್ಕೆ ಮೊದಲು ನನ್ನ ಹತ್ತಿರ ಬಂದಿದ್ದಳು.

“ನನ್ನ ಹತ್ರ ಒಂದು ಹಾಡು ಐತ್ರಿ ಟೀಚರ್. ನಾನ ಕಟ್ಟಿದ್ದು. ಜರಡಿ ಹಿಡಿಯಾಗ ಕಟ್ಟಿದ್ದು. ಬರಿಯಾಕ ನನಗ ಬರಂಗಿಲ್ಲ, ಹಾಡಾಕ ಈಗ ಆಗಂಗಿಲ್ಲ. ನಾನು ಮರೆತ್ರ ಅದು ಸತ್ತು ಹೊಕ್ಕತಿ. ನೀವು ಇಟ್ಕೋರಿ.”

“ನನಗ್ಯಾಕ ಕೊಡ್ತೀ? ನಿಮ್ಮೂರಾಗ ಹಾಡೋರು ಇಲ್ಲೇನು?”

ಎಸ್ತೇರಮ್ಮ ನಕ್ಕಳು. ನಗುವಿಗೂ ಸದ್ದಿರಲಿಲ್ಲ. “ನಿಮ್ಮಷ್ಟು ಲಕ್ಷ್ಯ ಕೊಟ್ಟು ನನ್ನ ಹಾಡು ಯಾರು ಕೇಳ್ಯಾರ್ರೀ? ಮಂದಿ ಕಣ್ಣು ಮುಚ್ಚಿ ತಲಿ ತೂಗ್ತಾರ. ನೀವು ಕಣ್ಣು ತಗದು ಒಂದೊಂದು ಮಾತು ಹಿಡಿದು ಕೇಳ್ತಿದ್ರಿ. ಏಳು ವರ್ಷ ನೋಡೀನಿ.”

ತಪ್ಪು ಹುಡುಕಲು ಕೂತಿದ್ದ ನನ್ನನ್ನು ಆಕೆ ಹಾಗೆ ಅರ್ಥಮಾಡಿಕೊಂಡಿದ್ದಳು. ತಟ್ಟೆ ತಂದು ಊಟಕ್ಕೆ ಬಡಿಸಿದೆ. ಹಿಂದಿನ ವಾರದ ಪಾಯಸ ನೆನಪಾಗಿ ತಲೆ ಎತ್ತಲಾಗಲಿಲ್ಲ.

ನಾಲ್ಕು ಭಾನುವಾರ ಪಾಠ ನಡೆಯಿತು. ದನಿ ಇಲ್ಲದವಳು ಹಾಡು ಕಲಿಸುವುದು ಹೇಗೆ ಗೊತ್ತೇ? ಮಾತನ್ನು ಕಿವಿಯಲ್ಲಿ ಉಸುರುತ್ತಿದ್ದಳು. ತಾಳವನ್ನು ನನ್ನ ಮುಂಗೈ ಮೇಲೆ ಬೆರಳಿಂದ ತಟ್ಟುತ್ತಿದ್ದಳು. ಸ್ವರವನ್ನು ಗಾಳಿಯಲ್ಲಿ ಕೈಯಿಂದ ತೋರಿಸುತ್ತಿದ್ದಳು. ಕೈ ಮೇಲೆ ಹೋದರೆ ಸ್ವರ ಮೇಲೆ, ಇಳಿದರೆ ಇಳಿಯಬೇಕು, ಬೆರಳು ನಡುಗಿದರೆ ಅಲ್ಲೊಂದು ಸಣ್ಣ ಅಲೆ. ನಾನು ತಪ್ಪಿದಾಗ ಕೈ ಅಲ್ಲೇ ನಿಂತುಬಿಡುತ್ತಿತ್ತು, ನಾನು ಅಲ್ಲಿಗೆ ಬರುವವರೆಗೆ ಕಾಯುತ್ತಿತ್ತು. ಹಾಡಿನ ಪಲ್ಲವಿ ಶುರುವಾಗುತ್ತಿದ್ದುದೇ ಕೆರದಿಂದ, ಎಂದರೆ ಚಪ್ಪಲಿಯಿಂದ:

ಕೆರ ಹರಿದು ನಿಂತಾಗ ಕರಿಯಾಕ ಬಂದಿ
ಕೆಮ್ಮಣ್ಣ ದಾರ್ಯಾಗ ನನ ಜೋಡಿ ನಡೆದಿ

ನನ್ನೊಳಗಿನ ಅಪ್ಪ ಸುಮ್ಮನಿರಲಿಲ್ಲ. “ನಡೆದಿ ಅಲ್ಲವಾ, ನಡೆದೆ ಅನಬೇಕು. ವ್ಯಾಕರಣ ಅದು,” ಎಂದೆ.

ಆಕೆ ಸ್ವಲ್ಪ ಯೋಚಿಸಿದಳು. “ನಡೆದೆ ಅಂದ್ರ ಯಾರೋ ಪರಸ್ಥಳದವ್ರು ನಡೆದಂಗ ಆಕ್ಕತ್ರಿ. ಕರ್ತ ನಮ್ಮವ ಅಲ್ಲೇನು?”

ಇನ್ನೊಂದು ದಿನ ಪೂರ್ತಿ ಹಾಡನ್ನು ತಪ್ಪಿಲ್ಲದೆ ಒಪ್ಪಿಸಿದೆ. ಶಹಬ್ಬಾಸ್ ಎನ್ನುತ್ತಾಳೆಂದು ಕಾದೆ. ಆಕೆ ನನ್ನ ಕೈ ಹಿಡಿದು ಉಸುರಿದಳು: “ಸಿಟ್ಟಾಗಬ್ಯಾಡ್ರಿ ಟೀಚರ್. ನೀವು ದೇವರಿಗೆ ಪಾಠ ಹೇಳಾಕತ್ತೀರಿ. ಆತನ್ನ ಕೇಳ್ರಿ. ಏನರ ಬೇಕಾದಾಗ ಮಂದೀನ ಹೆಂಗ ಕೇಳ್ತೀರಿ, ಹಂಗ.”

ಅಷ್ಟು ವರ್ಷ ಹಾಡಿದ್ದೆ, ನನಗೆ ಯಾರೂ ಹೀಗೆ ಹೇಳಿರಲಿಲ್ಲ. ಆ ರಾತ್ರಿಯಷ್ಟೇ ಅಲ್ಲ, ಆ ವಾರವೆಲ್ಲ ಅದೇ ಮಾತು ಕಿವಿಯಲ್ಲಿತ್ತು. ಕರಿಹಲಗೆಯ ಮುಂದೆ ನಿಂತಾಗಲೂ ನಾನು ಮಕ್ಕಳಿಗೆ ಹೇಳುತ್ತಿದ್ದೇನೋ, ಮಕ್ಕಳನ್ನು ಕೇಳುತ್ತಿದ್ದೇನೋ ಎಂದು ಅನುಮಾನ ಬಂತು.

ಜಯರಾಜುವಿನ ಸ್ಪರ್ಧೆ ಊರಿನ ದೊಡ್ಡ ಮೈದಾನದಲ್ಲಿ ಬೆಳಗ್ಗೆಯೇ ಶುರುವಾಯಿತು. ನಾನು ಹಾಡಲಿದ್ದುದು ಎಸ್ತೇರಮ್ಮನ ಹಾಡು. ಮನೆಯಷ್ಟೆತ್ತರದ ಪರದೆ, ಅದರಲ್ಲಿ ಹಾಡುವವರ ಮುಖ. ನನ್ನ ಸರದಿ ಬಂದಾಗ ಕೀಬೋರ್ಡಿನ ಪಕ್ಕದಲ್ಲಿದ್ದವನು ಕೈ ಚಾಚಿ, “ಟ್ರ್ಯಾಕ್ ಕೊಡ್ರಿ ಮೇಡಂ,” ಎಂದ. ಹಾಡಿನ ಹಿಮ್ಮೇಳವನ್ನು ಮೊದಲೇ ಮುದ್ರಿಸಿ ತರಬೇಕೆಂಬುದು ಹೊಸ ನಿಯಮ. ನಿಯಮಗಳ ಕಾಗದವನ್ನು ದುಂಡಗಿನ ಅಕ್ಷರದಲ್ಲಿ ಬರೆದವಳು ನಾನೇ, ಓದಿರಲಿಲ್ಲ ಅಷ್ಟೇ.

“ಟ್ರ್ಯಾಕ್ ಇಲ್ಲಪ್ಪ. ಹಂಗ ಹಾಡ್ತೀನಿ.”

ಅವನು ತೀರ್ಪುಗಾರರ ಮುಖ ನೋಡಿದ, ತೀರ್ಪುಗಾರರು ಜಯರಾಜುವಿನ ಮುಖ ನೋಡಿದರು. ಜಯರಾಜು ವೇದಿಕೆಯ ಪಕ್ಕದಿಂದಲೇ, “ನಮ್ಮ ಟೀಚರ್ ರೀ ಅವರು, ಹಾಡ್ಲಿ ಬಿಡ್ರಿ,” ಎಂದ. ಹದಿಮೂರರ ಮಗ್ಗಿಯನ್ನು ನಾನು ಆ ಕ್ಷಣವೇ ಮನ್ನಾ ಮಾಡಿದೆ.

ಹಾಡಲು ನಿಂತಾಗ ಸಾಮಾನ್ಯವಾಗಿ ನಾನು ಎದುರಿನ ಗೋಡೆಯ ಮೇಲೆ ಕಣ್ಣಿಡುತ್ತೇನೆ. ಆ ಮೈದಾನದಲ್ಲಿ ಗೋಡೆಯೇ ಇರಲಿಲ್ಲ. ಕೆಳಗೆ ನೋಡಿದೆ. ಮುಂದಿನ ಸಾಲಿನ ಕುರ್ಚಿಗಳ ಬದಿಯಲ್ಲಿ ಎಸ್ತೇರಮ್ಮ ನಿಂತಿದ್ದಳು. ಕೈ ಎತ್ತಿದಳು. ಅದರ ಹಿಂದೆ ನಾನು ಹೊರಟೆ. ಕೈ ಏರಿತು, ಏರಿದೆ. ಇಳಿಯಿತು, ಇಳಿದೆ. ಅಕ್ಕಪಕ್ಕದವರು ಈ ಹೆಂಗಸಿಗೆ ಏನಾಯಿತು ಎಂದು ನೋಡುತ್ತಿದ್ದರು. ಎರಡು ಚರಣ ಹೋಯಿತು. ಮೂರನೆಯದರ ಮೊದಲ ಮಾತಿಗೆ ಬಾಯಿ ತೆರೆದೆ, ಬರಲಿಲ್ಲ. ಹುಟ್ಟಿದಾಗಿನಿಂದ ಒಂದು ಅಕ್ಷರ ಮರೆಯದ ನನಗೆ ಪೂರ್ತಿ ಚರಣವೇ ಮಾಯವಾಗಿತ್ತು. ಆ ಪರದೆಯ ಮೇಲೆ ನನ್ನ ತೆರೆದ ಬಾಯಿ ಮನೆಬಾಗಿಲಿನಷ್ಟು ದೊಡ್ಡದಾಗಿ ಕಂಡಿರಬೇಕು.

ಎಸ್ತೇರಮ್ಮನ ಕೈ ಗಾಳಿಯಲ್ಲಿ ನಿಂತೇ ಇತ್ತು. ಅವಸರ ಮಾಡಲಿಲ್ಲ. ಆಮೇಲೆ ಮೆಲ್ಲಗೆ ಪಲ್ಲವಿಯ ಎತ್ತರಕ್ಕೆ ಬಂತು. ನಾನು ಪಲ್ಲವಿಯನ್ನೇ ಮತ್ತೆ ಹಿಡಿದೆ. ಈ ಸಲ ನಾನು ಒಪ್ಪಿಸಲಿಲ್ಲ, ಕೇಳಿದೆ. ನಿಜವಾಗಿಯೂ ನನಗೆ ಯಾರಾದರೂ ಜೊತೆಗೆ ಬೇಕಾಗಿತ್ತು. ಎರಡನೆಯ ಸಲ ಹಾಡುವಾಗ ಹಿಂದಿನ ಸಾಲುಗಳಲ್ಲಿ ಕೂತಿದ್ದ ಜರಡಿ ಕೆಲಸದ ಹೆಂಗಸರು ದನಿ ಕೂಡಿಸಿದರು. ಮೂರನೆಯ ಸಲಕ್ಕೆ ಯಾರ ದನಿ ಯಾರದೆಂದು ತಿಳಿಯಲಿಲ್ಲ.

ಇಳಿದು ಬಂದೆ. ಬಿರಿಯಾನಿ ಹಂಡೆಗಳ ಕಡೆಯಿಂದ ಖಾದರ್ ಸಾಬರು ಬಂದು ಹಣೆಗೆ ಕೈ ಮುಟ್ಟಿಸಿ ಸಲಾಂ ಮಾಡಿದರು. ಆ ವರ್ಷ ಅವರು ತೀರ್ಪುಗಾರರಲ್ಲ. ಆದರೂ ಎಲ್ಲಿ ಕೂರಬೇಕೋ ಅಲ್ಲೇ ಕೂತಿದ್ದರು.

ಸಂಜೆ ಫಲಿತಾಂಶ ಹೇಳಿದರು. ನನಗೆ ಬಂತು, ಎರಡನೆಯದು.

ಬಂಗಾರದ ಪದಕ ಪಡೆದವರು ಆದೋನಿ ಕಡೆಯ ಒಬ್ಬ ಬ್ಯಾಂಕ್ ಗುಮಾಸ್ತರು. ಅವರು ಬಹಳ ಚೆನ್ನಾಗಿ ಹಾಡಿದ್ದರು, ನ್ಯಾಯವಾಗಿ ಹೇಳಬೇಕು. ನಾನು ನನ್ನ ಸೊಂಟದೆತ್ತರದ ಗಾಜಿನ ಫಲಕ ಹಿಡಿದುಕೊಂಡು ಎಸ್ತೇರಮ್ಮನ ಮುಂದೆ ನಿಂತೆ. ನನ್ನಿಂದ ಆಕೆಯ ಹಾಡು ಸೋತಿತು ಎಂದೆ. ಆಕೆ ಫಲಕ ನೋಡಿದಳು, ನನ್ನ ಮುಖ ನೋಡಿದಳು, ಭುಜ ಕುಲುಕಿಸಿ ನಗತೊಡಗಿದಳು.

“ಈಗ ಗೊತ್ತಾತ್ರಿ ಟೀಚರ್, ಎರಡನೇದು ಬಂದ್ರ ಹೆಂಗ ಆಕ್ಕತಿ ಅಂತ. ಏಳು ವರ್ಷ ಹೆಂಗ ತಡಕೊಂಡ್ರಿ?”

ನನಗೂ ನಗು ಬಂತು. ಇಬ್ಬರೂ ಮೈದಾನದ ನಡುವೆ ಹುಚ್ಚರ ಹಾಗೆ ನಕ್ಕೆವು. ಅಷ್ಟರಲ್ಲಿ ಆ ಗುಮಾಸ್ತರು ಕೈಯಲ್ಲಿ ಸಣ್ಣ ನೋಟುಬುಕ್ಕು ಹಿಡಿದು ಬಂದರು. ಆ ಹಾಡು ಬರೆದುಕೊಳ್ಳಬಹುದೇ ಎಂದು ಅರ್ಧ ತೆಲುಗು, ಅರ್ಧ ಕನ್ನಡದಲ್ಲಿ ಕೇಳಿದರು. ಹಾಡು ಇವರದು, ಇವರನ್ನು ಕೇಳಿ ಎಂದೆ. ಗುಮಾಸ್ತರು ಆಕೆಯ ಕಡೆ ತಿರುಗಿ ಕೈಮುಗಿದರು. ಎಸ್ತೇರಮ್ಮ ಗಾಬರಿಯಾಗಿ, “ಬರ್ಕೋರಿ, ಬರ್ಕೋರಿ. ಊಟ ಮಾಡಿರೇನು?” ಎಂದು ಉಸುರಿದಳು. ಅವರು ತೆಲುಗು ಅಕ್ಷರದಲ್ಲಿ ಕನ್ನಡದ ಹಾಡು ಬರೆದುಕೊಂಡರು. ಮರೆತ ಮೂರನೆಯ ಚರಣವೂ ಆಗ ನನಗೆ ಸರಾಗವಾಗಿ ನೆನಪಾಯಿತು, ಯಾವಾಗಲೂ ಹಾಗೇ ತಾನೇ.

ಜಯರಾಜುವಿನ ಬಂಗಾರದ ಬಹುಮಾನ ಇನ್ನೆರಡು ವರ್ಷ ನಡೆಯಿತು. ಆಮೇಲೆ ಒಂದು ದಿನ ಗಣಿಗಳಿಗೆ ತಡೆ ಬಿದ್ದು ಲಾರಿಗಳು ನಿಂತವು. ಮೊದಲ ವಾರ ಆ ನಿಶ್ಶಬ್ದಕ್ಕೆ ನಮಗೆ ನಿದ್ದೆಯೇ ಬರಲಿಲ್ಲ. ಜಯರಾಜುವಿನ ಟಿಪ್ಪರುಗಳು ಹೋದವು, ಕಾರು ಹೋಯಿತು; ಸ್ಪರ್ಧೆಗೆಂದು ಕೊಂಡಿದ್ದ ಸ್ಪೀಕರುಗಳು ಮಾತ್ರ ಉಳಿದಿದ್ದವು. ಅವನ್ನೇ ಬಾಡಿಗೆಗೆ ಕೊಡುವ ಸಣ್ಣ ಅಂಗಡಿ ಹಾಕಿದ. ಬಹುಮಾನ ಮತ್ತೆ ಸಣ್ಣದಾಗಿ, ಮೂರೂರುಗಳ ಸರದಿಗೆ ಮರಳಿತು. ಅವನು ಪ್ರತಿ ವರ್ಷ ತಪ್ಪದೆ ಬಂದು, ಬಾಡಿಗೆ ಮಾತೆತ್ತದೆ, ಸ್ಪೀಕರ್ ಕಟ್ಟಿ ಹೋಗುತ್ತಾನೆ. ರತ್ನಮ್ಮ ತೀರಿಕೊಂಡಾಗ ಸಭೆಯವರೆಲ್ಲ ಬೇಕೆಂದೇ ಒಬ್ಬೊಬ್ಬರು ಒಂದೊಂದು ಶ್ರುತಿಯಲ್ಲಿ ಹಾಡಿದೆವೋ, ಅಳುವಿನಿಂದ ಹಾಗಾಯಿತೋ, ಅಂತೂ ಅವರಿಗೆ ಇಷ್ಟವಾಗುವಂತೆಯೇ ಕಳುಹಿಸಿಕೊಟ್ಟೆವು. ನಾನು ಮತ್ತೆ ಸ್ಪರ್ಧೆಗೆ ನಿಲ್ಲಲಿಲ್ಲ. ಎಸ್ತೇರಮ್ಮನೂ ನಿಲ್ಲಲಿಲ್ಲ. ತೆಕ್ಕಲಕೋಟೆಗೆ ಹೋಗಿ ವರ್ಷ ಕಳೆದ ಮೇಲೆ ಆಕೆಯ ದನಿ ಅಷ್ಟಿಷ್ಟು ಮರಳಿತು. ಹಳೆಯ ದನಿಯಲ್ಲ, ಗಂಡಸಿನಂಥ ದಪ್ಪ ದನಿ. “ದೇವರು ಬ್ಯಾರೇದ್ದು ಕೊಟ್ಟಾನ್ರಿ, ಹಳೇದು ಸಿಗಲಿಲ್ಲಂತ ಕಾಣ್ತತಿ,” ಎನ್ನುತ್ತಾಳೆ.

ನಿವೃತ್ತಿಯ ಹಿಂದಿನ ವರ್ಷ ಮತದಾರರ ಪಟ್ಟಿಯ ಕೆಲಸಕ್ಕೆ ನನ್ನನ್ನು ತೆಕ್ಕಲಕೋಟೆ ಕಡೆ ಹಾಕಿದ್ದರು. ನಾಟಿಯ ಕಾಲ. ಮನೆಗಳಲ್ಲಿ ಯಾರೂ ಇಲ್ಲವೆಂದು ಗದ್ದೆಯ ಬದುವಿನ ಮೇಲೆ ಬರುತ್ತಿದ್ದೆ. ಕೆಸರಿನಲ್ಲಿ ಬಗ್ಗಿ ಸಸಿ ನೆಡುತ್ತಿದ್ದ ಹೆಂಗಸರು ಹಾಡುತ್ತಿದ್ದರು. ನಿಂತೆ. ಅದೇ ಹಾಡು. ಅವರಲ್ಲಿ ಯಾರೂ ನಮ್ಮ ಸಭೆಯವರಲ್ಲ, ಹಣೆಯ ಕುಂಕುಮ ನೋಡಿದರೆ ತಿಳಿಯುತ್ತಿತ್ತು. ಎದೆ ತುಂಬಿ ಬಂತು. ಆದರೆ ಎರಡನೆಯ ಸಾಲಿಗೆ ಬಂದಾಗ ಕಿವಿ ನೆಟ್ಟಗಾಯಿತು:

ಕೆಸರ ಗದ್ದ್ಯಾಗ ನನ ಜೋಡಿ ನಡೆದಿ

ಟೀಚರ್ ಬುದ್ಧಿ ಎಲ್ಲಿ ಹೋಗುತ್ತದೆ? “ಅದು ಕೆಸರ ಗದ್ದ್ಯಾಗ ಅಲ್ರವಾ, ಕೆಮ್ಮಣ್ಣ ದಾರ್ಯಾಗ ಅಂತ ಐತಿ,” ಎಂದೆ ಬದುವಿನ ಮೇಲಿಂದ.

ಒಬ್ಬ ಹೆಂಗಸು ಸೊಂಟ ನೆಟ್ಟಗೆ ಮಾಡಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ನಿಮಗ ಯಾರೋ ತಪ್ಪು ಹೇಳ್ಯಾರ ಬಿಡ್ರಿ ಅಕ್ಕಾರ. ನಮ್ಮ ಅತ್ತಿ ಕಾಲದಿಂದ ಹಿಂಗ ಹಾಡ್ತೀವಿ.”

ಹಾಡು ಹುಟ್ಟಿ ಇನ್ನೂ ಹತ್ತು ವರ್ಷವೂ ಆಗಿರಲಿಲ್ಲ. ನಾನು ಪಟ್ಟಿಯನ್ನು ಚೀಲಕ್ಕೆ ತುರುಕಿ ನೇರ ಎಸ್ತೇರಮ್ಮನ ಮನೆಗೆ ನಡೆದೆ. ಆಕೆ ಅಂಗಳದಲ್ಲಿ ಅಕ್ಕಿ ಆರಿಸುತ್ತ ಕೂತಿದ್ದಳು. ನಡೆದದ್ದೆಲ್ಲ ಒಂದೇ ಉಸಿರಿಗೆ ಹೇಳಿದೆ. ಯಾರ ಹಾಡೋ ಗೊತ್ತಿಲ್ಲದೆ ಹಾಡುತ್ತಾರೆ, ಹೆಸರು ಹೇಳುವುದಿಲ್ಲ, ಮೇಲಿಂದ ಮಾತು ಬೇರೆ ಬದಲಾಯಿಸಿದ್ದಾರೆ, ನಾಳೆಯೇ ನಾನು ಹೋಗಿ ತಿದ್ದುತ್ತೇನೆ ಎಂದೆ.

ಎಸ್ತೇರಮ್ಮನ ಬೆರಳುಗಳು ಮೊರದಲ್ಲಿ ನಿಂತವು. “ಕೆಸರ ಗದ್ದ್ಯಾಗ,” ಎಂದು ಆ ದಪ್ಪ ದನಿಯಲ್ಲಿ ಒಮ್ಮೆ ಹೇಳಿಕೊಂಡಳು. ಇನ್ನೊಮ್ಮೆ ಹೇಳಿಕೊಂಡಳು.

“ಇರ್ಲಿ ಬಿಡ್ರಿ ಟೀಚರ್. ನನ್ನ ಕಾಲು ಆಗ ಕೆಮ್ಮಣ್ಣಾಗ ಇದ್ವು. ಅವರ ಕಾಲು ಕೆಸರಾಗ ಅದಾವು. ಆತನೂ ಅಲ್ಲೇ ಇಳೀಬೇಕಲ್ಲ?”

ಆಮೇಲೆ ಮೊರ ಪಕ್ಕಕ್ಕಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ನನ್ನ ಎದುರಿಗೆ ಚಾಪೆಯ ಮೇಲೆ ಸರಿದು ಕೂತಳು. “ಅವರು ಹೆಂಗ ಹಾಡಿದ್ರು, ಒಂದ್ಸಲ ಹಾಡಿ ತೋರಸ್ರಿ,” ಎಂದಳು.

ನಾನು ಗದ್ದೆಯ ಹೆಂಗಸರು ಹಾಡಿದಂತೆಯೇ ಹಾಡಿದೆ. ಆಕೆ ಒಂದು ಮಾತನ್ನೂ ತಿದ್ದದೆ, ಕಣ್ಣು ತೆರೆದು ಕೇಳಿದಳು. ಎರಡನೆ ಸಲಕ್ಕೆ ದನಿ ಕೂಡಿಸಿದಳು. ಆ ಮಧ್ಯಾಹ್ನ ನನ್ನಿಂದ ತನ್ನ ಹಾಡನ್ನು ಹೊಸದಾಗಿ ಕಲಿತಳು.